ಹಿಂದಿನ ಸರಳಿಗೆ ಮೂರು ತೂತು

ಮಾರ್ಚ್ 3, ಸೋಮವಾರ

ಇಂದು ಸಂಜೆ ಆರೂವರೆಗೆ ನಮ್ಮ ಅಡುಗೆಮನೆಯಲ್ಲಿ ಮಹಾಸಭೆ ಸೇರಿತು. ಚರ್ಚೆಯ ವಿಷಯ: ಎರಡು ಉಕ್ಕಿನ ಸರಳು. ಹಾಜರಿದ್ದವರು ಮಹಾರಾಣಿಯವರು, ಅಂದರೆ ಅಮ್ಮ. ಮಹಾರಾಜರು, ಅಂದರೆ ಅಪ್ಪ, ವೃತ್ತಿಯಲ್ಲಿ ದರ್ಜಿ, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಅಭಿಪ್ರಾಯ ಮಂಡಿಸಲಿಲ್ಲ. ಮತ್ತು ಆಸ್ಥಾನದ ಚರಿತ್ರಕಾರ್ತಿಯಾದ ನಾನು, ವಯಸ್ಸು ಇಪ್ಪತ್ತೆರಡು, ಹಗಲು ಹೊತ್ತು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡಲು ಕಲಿಯುತ್ತಿರುವವಳು, ಉಳಿದ ಹೊತ್ತು ಲೋಕಕಲ್ಯಾಣಕ್ಕಾಗಿ ಕೀಟಲೆ ಮಾಡುವವಳು.

ಚರಿತ್ರೆಯನ್ನು ಬುಡದಿಂದ ಬರೆಯಬೇಕು. ಮಹಾರಾಣಿಯವರು ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದರು. ಬಸ್ಸಿಗೆ ಒಂದು ಗೀರಿಲ್ಲ, ಯಾವ ಮಗುವಿನ ಮೊಣಕೈಯೂ ತರಚಲಿಲ್ಲ. ಕೆಲಸ ಬಿಟ್ಟ ದಿನ ಶಾಲೆಯವರು ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ಅಪ್ಪನ ಅಂಗಡಿಯಲ್ಲಿ ತಗುಲಿಹಾಕಿ, ಮುಂದಿನ ವಾರವೇ ಹೋಗಿ ಹದಿನೆಂಟು ವರ್ಷ ಹಳೆಯದಾದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಮನೆಗೆ ತಂದರು. ಎರಡೇ ಸೀಟು. "ಅಯ್ಯೋ, ಮೂರು ಜನ ಇದ್ದೀವಲ್ಲೇ" ಎಂದು ಅಪ್ಪ ಅಂದರೆ, "ಇಪ್ಪತ್ತಾರು ವರ್ಷ ನನ್ನ ಬೆನ್ನ ಹಿಂದೆ ನಲವತ್ತು ಜನ ಕೂತಿದ್ರು ರೀ. ಇನ್ಮೇಲೆ ನನ್ನ ಹಿಂದೆ ಯಾರೂ ಕೂರಬಾರದು" ಎಂದು ಅಪ್ಪಣೆಯಾಯಿತು.

ಈಗಿನ ಕೊರತೆ ಏನೆಂದರೆ, ಕಾರು ತಿರುವಿನಲ್ಲಿ ವಾಲುತ್ತದೆ. ವಾಲುವ ಗಾಡಿ ಅಂದರೆ ಮಹಾರಾಣಿಯವರಿಗೆ ಬಸ್ಸಿನ ನೆನಪು. ಇದಕ್ಕೆ ಮದ್ದು ಸ್ವೇ ಬಾರ್. ಕಾರಿನ ಹೊಟ್ಟೆಯ ಕೆಳಗೆ, ಮುಂದೊಂದು ಹಿಂದೊಂದು, ಎಡಚಕ್ರವನ್ನೂ ಬಲಚಕ್ರವನ್ನೂ ಒಂದಕ್ಕೊಂದು ಕಟ್ಟಿಹಾಕುವ ಬಾಗಿದ ಸರಳು. ಕಾರು ವಾಲಲು ಹೋದಾಗ ಅದು ತಿರುಚಿಕೊಂಡು "ಸುಮ್ನಿರು" ಅನ್ನುತ್ತದೆ. ಕಂಪನಿ ಹಾಕಿದ್ದು ಬಡಕಲು. ಅಂಗಡಿಯಲ್ಲಿ ದಪ್ಪನೆಯವು ಸಿಗುತ್ತವೆ. ಯಾವುದು ಅನ್ನುವುದೇ ಪ್ರಶ್ನೆ.

ಅವಸರಕ್ಕೆ ಕಾರಣ: ಊರಾಚೆಯ ಹಳೇ ವಿಮಾನದ ಓಡುದಾರಿಯಲ್ಲಿ ಈ ತಿಂಗಳ ಮೂವತ್ತಕ್ಕೆ ಹವ್ಯಾಸಿಗಳ ಪಂದ್ಯ. ಕೋನ್‌ಗಳ ನಡುವೆ ಒಬ್ಬೊಬ್ಬರೇ, ಗಡಿಯಾರದ ವಿರುದ್ಧ. ಅಮ್ಮ ಹೆಸರು ಕೊಟ್ಟುಬಿಟ್ಟಿದ್ದಾಳೆ.

ಮಾರ್ಚ್ 6, ಗುರುವಾರ

ಅಭ್ಯರ್ಥಿಗಳು ಮೂವರು. ಮೊದಲನೆಯದು ಗಟ್ಟಿ ಉಕ್ಕು, ನನ್ನ ಹೆಬ್ಬೆರಳಿಗಿಂತ ದಪ್ಪ, ನೋಡಿದರೆ ಜೈಲಿನ ಕಿಟಕಿಯಿಂದ ಕಿತ್ತು ತಂದಂತಿದೆ. ಎರಡನೆಯದು ಮುಂದಕ್ಕೆ ಮಾತ್ರ, ಹಿಂದೆ ಹಳೆಯದನ್ನೇ ಇಟ್ಟುಕೊಳ್ಳಬೇಕು. ಮೂರನೆಯದು ಟೊಳ್ಳು ಕೊಳವೆ, ಹಗುರ, ತುದಿಯಲ್ಲಿ ತೂತುಗಳಿವೆ; ಯಾವ ತೂತಿಗೆ ಸಿಕ್ಕಿಸುತ್ತೇವೋ ಅದರ ಮೇಲೆ ಬಿಗಿ ಹೆಚ್ಚು ಕಡಿಮೆ.

ಮಹಾರಾಣಿಯವರು ಕನ್ನಡಕ ಏರಿಸಿ, ಮೂರರ ವಿವರಗಳನ್ನೂ ಒಂದು ಫೈಲಿನಲ್ಲಿ ಜೋಡಿಸಿದ್ದರು. ರಾಜ್ಯದ ಹಿತಕ್ಕಾಗಿ ನಾನು ಅದಕ್ಕೆ ನಾಲ್ಕನೆಯ ಹಾಳೆಯೊಂದನ್ನು ಸೇರಿಸಿದೆ: "ಬಿದಿರಿನ ಸ್ವೇ ಬಾರ್. ಹಗುರ, ಪರಿಸರಸ್ನೇಹಿ, ಮೂರು ವರ್ಷಕ್ಕೊಮ್ಮೆ ಚಿಗುರುತ್ತದೆ." ಲ್ಯಾಬಿನ ಪ್ರಿಂಟರಿನಲ್ಲಿ ಬಣ್ಣದಲ್ಲಿ ತೆಗೆದದ್ದು. ಅಮ್ಮ ಹತ್ತು ನಿಮಿಷ ಓದಿದಳು. ಆಮೇಲೆ ಗ್ಯಾರೇಜಿನ ಸ್ಪ್ಯಾನರ್ ಮಾಮನಿಗೆ ಫೋನ್ ಮಾಡಿದಳು.

"ಅಲ್ಲಯ್ಯಾ, ಬಿದಿರಿಂದು ಹೇಗೆ? ಬಾಳಿಕೆ ಬರುತ್ತಾ?"

ಆ ಕಡೆ ಸುತ್ತಿಗೆಯ ಸದ್ದು ನಿಂತಿತು. ಆಮೇಲೆ ಕೇಳಿಸಿತು: "ಅಕ್ಕಾ, ಮಗಳು ಮನೇಲಿದ್ದಾಳಾ?"

ಪೊರಕೆ ನನ್ನ ಎಡಗಿವಿಯ ಪಕ್ಕದಿಂದ ಹಾದುಹೋಯಿತು. ಗುರಿ ಈಗಲೂ ಚೆನ್ನಾಗಿದೆ.

ಮಾರ್ಚ್ 9, ಭಾನುವಾರ

ಸ್ಪ್ಯಾನರ್ ಮಾಮ ನಮಗೆ ರಕ್ತಸಂಬಂಧಿಯಲ್ಲ. ಬಸ್ ಡಿಪೋದಲ್ಲಿ ಅಮ್ಮನ ಬಸ್ಸನ್ನು ಹದಿನೈದು ವರ್ಷ ನೋಡಿಕೊಂಡವರು, ಈಗ ಸ್ವಂತ ಗ್ಯಾರೇಜು. ಅಲ್ಲಿನ ಗೋಡೆಯ ಮೇಲೆ ಒಂದು ಹಲಗೆ. ಪ್ರತಿ ಉಪಕರಣದ ಸುತ್ತ ಸೀಮೆಸುಣ್ಣದಲ್ಲಿ ಅದರ ಆಕಾರ ಬರೆದಿದ್ದಾರೆ, ತೆಗೆದರೆ ಜಾಗ ಖಾಲಿಯೆಂದು ಕಾಣಲಿ ಅಂತ. ಹಲ್ಲಿನ ಲ್ಯಾಬಿನವಳಾದ ನನಗೆ ಅದು ಬಾಯಿಯಂತೆ ಕಾಣುತ್ತದೆ. ಒಂದು ಹಲ್ಲು ಬಿದ್ದರೂ ಮಾಮನಿಗೆ ನೋವು.

ಅಪ್ಪನ ಅಂಗಡಿಯಿಂದ ಒಂದು ತಂತಿ ಹ್ಯಾಂಗರ್ ತರಿಸಿಕೊಂಡು, ಅದನ್ನು ಬಿಡಿಸಿ ಬಗ್ಗಿಸಿ, ಸ್ವೇ ಬಾರ್ ಮಾಡಿ ತೋರಿಸಿದರು. ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

"ಎತ್ತಿ ಅಕ್ಕಾ. ಕೈಗೆ ಎದುರು ಬರುತ್ತಲ್ಲ? ಅದೇ ಬಿಗಿ. ಮುಂದೆ ಬಿಗಿ ಜಾಸ್ತಿಯಾದ್ರೆ ಮೂತಿ ತಿರುಗಲ್ಲ, ನೇರ ಹೋಗ್ತೀನಿ ಅಂತ ಹಟ ಮಾಡುತ್ತೆ. ಹಿಂದೆ ಜಾಸ್ತಿಯಾದ್ರೆ ಬಾಲ ಬೀಸುತ್ತೆ."

"ಮಧ್ಯ?"

"ಮಧ್ಯ ನೀವಿರ್ತೀರಲ್ಲ. ನೀವೇ ಸಂಭಾಳಿಸ್ಬೇಕು."

ಜೈಲಿನ ಸರಳಿಗೆ ಮಾಮ ಒಪ್ಪಲಿಲ್ಲ. ಒಮ್ಮೆ ಹಾಕಿದರೆ ಮುಗಿಯಿತು, ಹೆಚ್ಚಾಯಿತು ಅಂದರೂ ಕಡಿಮೆ ಮಾಡುವಂತಿಲ್ಲ. ಮುಂದಕ್ಕೆ ಮಾತ್ರದ್ದಕ್ಕೆ ಅಮ್ಮ ಒಪ್ಪಲಿಲ್ಲ. "ಅರ್ಧ ಸಂಸಾರ ಅದು" ಅಂದಳು. ಟೊಳ್ಳು ಕೊಳವೆಯೇ ಗೆದ್ದಿತು: ಮುಂದಿನದಕ್ಕೆ ಎರಡು ತೂತು, ಹಿಂದಿನದಕ್ಕೆ ಮೂರು. ತುದಿಯ ತೂತು ಮೆತ್ತಗೆ, ಒಳಗಿನ ಮೂರನೆಯದು ಬಲು ಬಿಗಿ.

ಮಾರ್ಚ್ 14, ಶುಕ್ರವಾರ

ಸರಳು ಬಂದವು, ಕೂತವು. ಮಾಮ ಹಿಂದಿನದನ್ನು ನಡುವಿನ ತೂತಿಗೆ ಸಿಕ್ಕಿಸಿ ಕೊಟ್ಟರು. ಮಹಾರಾಣಿಯವರು ಊರು ಸುತ್ತಿ ಬಂದು ಇಳಿದಾಗ ಮುಖದಲ್ಲಿ ಅದೇನು ಕಳೆ! ಆದರೆ ಬಾಯಲ್ಲಿ, "ಇನ್ನೂ ಸ್ವಲ್ಪ ವಾಲುತ್ತೆ. ಮೂರನೇ ತೂತಿಗೆ ಹಾಕು."

"ಬೇಡ ಅಕ್ಕಾ, ಬಾಲ..."

"ನನ್ನ ಬಾಲ, ನಾನು ನೋಡ್ಕೋತೀನಿ."

"ಒಂದು ತೂತಲ್ಲಿ ಏನು ಮಹಾ ವ್ಯತ್ಯಾಸ ಗೊತ್ತಾಗುತ್ತೆ?"

"ಒಂದು ತೂತು ಬದಲಾದ್ರೂ ನನ್ನ ಸೊಂಟಕ್ಕೆ ಗೊತ್ತಾಗುತ್ತೆ ಕಣಯ್ಯಾ. ಇಪ್ಪತ್ತಾರು ವರ್ಷದ ಸೊಂಟ ಇದು."

ಮಾಮ ಗೊಣಗಿಕೊಂಡು ಎರಡೂ ಕಡೆ ಮೂರನೆಯದಕ್ಕೆ ಹಾಕಿದರು.

ಚರಿತ್ರಕಾರ್ತಿಯ ಟಿಪ್ಪಣಿ: ಇಷ್ಟು ದೊಡ್ಡ ಹೇಳಿಕೆಯನ್ನು ಪರೀಕ್ಷೆಯಿಲ್ಲದೆ ಚರಿತ್ರೆಗೆ ಸೇರಿಸುವುದು ಧರ್ಮವಲ್ಲ.

ಮಾರ್ಚ್ 15, ಶನಿವಾರ

ಪರೀಕ್ಷೆ ಮುಗಿಯಿತು. ಆಯಿಲ್ ಬದಲಿಸಲೆಂದು ಕಾರು ಗ್ಯಾರೇಜಿನ ಗುಂಡಿಯ ಮೇಲೆ ನಿಂತಿತ್ತು. ಮಾಮ ಊಟಕ್ಕೆ ಹೋದ ಅರ್ಧ ಗಂಟೆಯಲ್ಲಿ ನಾನು ಹಲಗೆಯಿಂದ ಬೇಕಾದದ್ದನ್ನು ತೆಗೆದು ಗುಂಡಿಗಿಳಿದೆ. ಉಪಕರಣಗಳು ಯಾರ ಕಣ್ಣಿಗೂ ಬೀಳದಿರಲೆಂದು ಅವನ್ನು ಕಾರಿನ ಡಿಕ್ಕಿಯಲ್ಲಿ ಹರಡಿಕೊಂಡಿದ್ದೆ. ಅದು ಬುದ್ಧಿವಂತಿಕೆ. ಹಿಂದಿನ ಸರಳಿನ ಎಡತುದಿಯನ್ನು ಮೂರನೇ ತೂತಿನಲ್ಲೇ ಬಿಟ್ಟು, ಬಲತುದಿಯನ್ನು ಮಾತ್ರ ಮೊದಲನೇ ತೂತಿಗೆ ಹಾಕಿದೆ. ಒಂದು ಕಡೆ ಬಿಗಿ, ಒಂದು ಕಡೆ ಮೆತ್ತಗೆ. ಕಟ್ಟುಹಲ್ಲು ಕೂರಿಸುವಷ್ಟೇ ಜಾಗ್ರತೆಯಿಂದ ನಟ್ಟು ಬಿಗಿಮಾಡಿದೆ.

ಸಂಜೆ ಅಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಮನೆಗೆ ತಂದಳು. ಬೀದಿಯ ತಿರುವಿನಲ್ಲಿ ಕತ್ತು ಓರೆ ಮಾಡಿ, ಕಣ್ಣು ಅರೆ ಮುಚ್ಚಿ, "ಆಹಾ. ಮೂರನೇ ತೂತು ಅಂದ್ರೆ ಮೂರನೇ ತೂತೇ" ಅಂದಳು.

ನಾನು ಕಿಟಕಿಯಾಚೆ ನೋಡುತ್ತಾ ತುಟಿ ಕಚ್ಚಿಕೊಂಡೆ. ನಾಳೆ ಅಭ್ಯಾಸದ ಓಟ. ಅದು ಮುಗಿದ ಮೇಲೆ, ಊಟದ ಹೊತ್ತಿಗೆ, ಇಪ್ಪತ್ತಾರು ವರ್ಷದ ಸೊಂಟದ ಮೇಲೆ ಬಹಿರಂಗ ವಿಚಾರಣೆ. ಅಪ್ಪನೇ ನ್ಯಾಯಾಧೀಶರು. ಆರೋಪಪಟ್ಟಿ ಬರೆದಿಟ್ಟಿದ್ದೇನೆ, ಹನ್ನೊಂದು ಅಂಶಗಳು.

ಮಾರ್ಚ್ 16, ಭಾನುವಾರ

ಆರೋಪಪಟ್ಟಿ ಹರಿದು ಹಾಕಿದೆ.

ಅಮ್ಮನಿಗೆ ಏನೂ ಆಗಿಲ್ಲ. ಮೊದಲು ಅದನ್ನು ಬರೆಯಬೇಕು. ಏನೂ ಆಗಿಲ್ಲ.

ಮೊದಲ ಎರಡು ಸುತ್ತು ನಿಧಾನ. ಮೂರನೇ ಸುತ್ತಿನಲ್ಲಿ ವೇಗ ಏರಿಸಿದಳು. ನಾನೂ ಮಾಮನೂ ನಾಲ್ಕನೇ ತಿರುವಿನ ಪಕ್ಕ ನಿಂತಿದ್ದೆವು. ಕಾರು ಒಳಗೆ ಬಂತು, ನೆಟ್ಟಗೆ, ಚೆನ್ನಾಗಿ. ನಡುವೆ ಇದ್ದಕ್ಕಿದ್ದಂತೆ ಎಂಜಿನ್ನಿನ ಸದ್ದು ಇಳಿಯಿತು. ಬಾಲ ಹೊರಗೆ ಬೀಸಿತು. ಕೆಂಪು, ಧೂಳು, ಕೆಂಪು, ಧೂಳು. ಒಂದೂವರೆ ಸುತ್ತು ತಿರುಗಿ, ನಾಲ್ಕು ಕೋನ್‌ಗಳನ್ನು ಚೆಲ್ಲಾಡಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು.

ಓಡಿದೆವು. ಅಮ್ಮ ತಾನೇ ಬಾಗಿಲು ತೆಗೆದು ಇಳಿದಳು. ಚಕ್ರ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ತಿರುಗಿ ಬಗ್ಗಿ ಸೀಟಿನ ಹಿಂದೆ ಕೈಯಾಡಿಸಿದಳು. ಅಲ್ಲಿ ಏನಿದೆ? ಎರಡು ಬೆರಳಗಲ ಸಂದು, ಆಮೇಲೆ ತಗಡು.

"ಏನು ಹುಡುಕ್ತಿದ್ದೀರಾ ಅಕ್ಕಾ?"

"ಏನಿಲ್ಲ." ಕೀಲಿಯನ್ನು ಮಾಮನ ಕೈಗಿಟ್ಟಳು. "ನೀನೇ ಓಡಿಸ್ಕೊಂಡು ಬಾ. ನಾವು ಬಸ್ಸಲ್ಲಿ ಹೋಗ್ತೀವಿ."

ಬಸ್ಸಿನಲ್ಲಿ ಅವಳು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು, ಇಡೀ ದಾರಿ ತನ್ನ ಕೈಗಳನ್ನೇ ನೋಡಿಕೊಂಡಳು.

ಮಾರ್ಚ್ 17, ಸೋಮವಾರ

ಒಂದು ಕಡೆ ಬಿಗಿ, ಒಂದು ಕಡೆ ಮೆತ್ತಗೆ. ಅದನ್ನು ಮಾಡಿದವಳು ನಾನು.

ಮಾರ್ಚ್ 20, ಗುರುವಾರ

ಕಾರು ಮಾಮನ ಗ್ಯಾರೇಜಿನಲ್ಲೇ ನಿಂತಿದೆ, ಮನೆಯಲ್ಲಿದ್ದ ಇನ್ನೊಂದು ಕೀಲಿ ಅಪ್ಪನ ಗುಂಡಿ ಡಬ್ಬಿಯಲ್ಲಿದೆ. ಅಮ್ಮ ತರಕಾರಿಗೆ ನಡೆದೇ ಹೋಗುತ್ತಾಳೆ. ಇಂದು ಪಕ್ಕದ ಮನೆಯಾಕೆ ಬಂದು, "ಅರ್ಧ ಗಂಟೇಲಿ ರೈಲಿದೆ, ಸ್ಟೇಷನ್‌ಗೆ ಬಿಡ್ತೀಯಾ? ನಮ್ಮ ಗಾಡೀನೇ ತಗೋ, ಓಡಿಸೋರಿಲ್ಲ ಅಷ್ಟೇ" ಎಂದು ಕೇಳಿದಳು.

"ಕಾಲು ನೋವು ಕಣೇ" ಅಂದಳು ಅಮ್ಮ.

ಕಾಲು ನೋವಿಲ್ಲ. ಬೆಳಿಗ್ಗೆ ತಾನೇ ಕುರ್ಚಿ ಹತ್ತಿ ಫ್ಯಾನ್ ಒರೆಸಿದ್ದಳು. ಕೆಂಪು ಕಾರು ಬೇಡವಾದದ್ದು ನನಗೆ ಅರ್ಥವಾಗುತ್ತದೆ. ಆದರೆ ಇನ್ನೊಬ್ಬರ ಗಾಡಿಯೂ ಬೇಡ ಅಂದರೆ? ಜ್ವರದಲ್ಲೂ ಬಸ್ಸು ಓಡಿಸಿದವಳು. ನನಗೆ ನಡಿಗೆ ಕಲಿಸುವ ಮೊದಲು ಹಾರನ್ ಒತ್ತಲು ಕಲಿಸಿದವಳು.

ಮಾಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಯಾರಾದ್ರೂ ಕೊಳ್ಳೋರಿದ್ರೆ ನೋಡಯ್ಯಾ. ಸಾಕು ನನಗೆ. ವಯಸ್ಸಾಯ್ತು."

ಲ್ಯಾಬಿನಲ್ಲಿ ಇಂದು ಒಬ್ಬರ ಮೇಲ್ದವಡೆಗೆ ಎರಡು ಎಡಕೋರೆಹಲ್ಲು ಕೂರಿಸಿದೆ. ಕೀಟಲೆಯಲ್ಲ. ಗಮನವಿರಲಿಲ್ಲ.

ಮಾರ್ಚ್ 22, ಶನಿವಾರ

ಗ್ಯಾರೇಜಿಗೆ ಹೋಗಿ ಮಾಮನ ಮುಂದೆ ನಿಂತು ಎಲ್ಲಾ ಹೇಳಿಬಿಟ್ಟೆ. ಪೊಲೀಸರಿಗೆ ಫೋನ್ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಚಹಾದ ಲೋಟ ಕೆಳಗಿಟ್ಟು ಕೇಳಿದರು: "ಒಂದು ಕಡೆ ಮೂರು, ಒಂದು ಕಡೆ ಒಂದು?"

"ಹೌದು."

ಮಾಮ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯಲ್ಲಿದ್ದ ಅದೇ ಹ್ಯಾಂಗರ್ ತಂತಿ ತಂದು ಕೊಟ್ಟರು.

"ಇದು ಎಷ್ಟು ಸರಳು?"

"ಒಂದು."

"ಒಂದೇ ಸರಳು ತಿರುಚಿದ್ರೆ ಎಡಕ್ಕೊಂದು ಬಿಗಿ, ಬಲಕ್ಕೊಂದು ಬಿಗಿ ಅಂತ ಇರುತ್ತೇನೆ, ಪೆದ್ದಿ? ಎರಡು ತುದೀನೂ ಸೇರಿ ಒಂದೇ ಬಿಗಿ. ಒಂದು ಕಡೆ ಒಂದು, ಒಂದು ಕಡೆ ಮೂರು ಅಂದ್ರೆ ಹತ್ತಿರ ಹತ್ತಿರ ನಡುವಿನ ತೂತು. ನಾನು ಬೇಡ್ಕೊಂಡಿದ್ದೂ ಅದನ್ನೇ! ನಿಮ್ಮಮ್ಮ ಕೇಳ್ಲಿಲ್ಲ, ನೀನು ಮಾಡಿದ್ದೀಯ."

"ಹಾಗಾದ್ರೆ ಅಮ್ಮ ತಿರುಗಿದ್ದು?"

"ತಿರುವಿನ ನಡುವೆ ಕಾಲು ಎತ್ತಿದ್ರು. ಎಂಜಿನ್ ಸದ್ದು ಇಳೀತಲ್ಲ, ಕೇಳಿಸ್ಲಿಲ್ವಾ? ಬಸ್ಸಲ್ಲಿ ಕಾಲೆತ್ತಿದ್ರೆ ಬಸ್ಸು ನಿಧಾನ ಆಗುತ್ತೆ, ಅಷ್ಟೇ. ಇಂಥ ಕಾರಲ್ಲಿ ಜೋರಾಗಿ ತಿರುಗ್ತಿರುವಾಗ ಎತ್ತಿದ್ರೆ ಭಾರ ಎಲ್ಲಾ ಮುಂದಕ್ಕೆ ಬರುತ್ತೆ, ಹಿಂಭಾಗ ಹಗುರಾಗುತ್ತೆ, ಬೀಸುತ್ತೆ. ನೀನು ಮಾಡಿದ ಕಿತಾಪತಿಯಿಂದ ಒಂದೂವರೆ ಸುತ್ತಿಗೆ ನಿಂತಿತು, ಇಲ್ಲದಿದ್ರೆ ಮೂರು ಸುತ್ತು ಆಗ್ತಿತ್ತೋ ಏನೋ. ಯಾಕೆ ಕಾಲೆತ್ತಿದ್ರೋ, ಅದು ನನಗೂ ಗೊತ್ತಿಲ್ಲ."

ಗುಂಡಿಗಿಳಿದು ನಟ್ಟು ಮುಟ್ಟಿ ನೋಡಿದರು. "ಕೈ ಚೆನ್ನಾಗಿದೆ. ಬುದ್ಧಿ ಒಂದು ಬಂದ್ರೆ ಕೆಲಸಕ್ಕೆ ಬರ್ತೀಯ." ಆಮೇಲೆ ಮುಖ ಗಂಟಾಯಿತು. "ಅಂದ್ರೆ ನನ್ನ ಹದಿನಾಲ್ಕನೇ ನಂಬರ್ ಸಾಕೆಟ್ ತಗೊಂಡಿದ್ದು ನೀನೇ!"

ಹಲಗೆಯಲ್ಲಿ ಒಂದು ಹಲ್ಲು ಖಾಲಿಯಿತ್ತು. ನಟ್ಟಿನ ತಲೆಗೆ ತೊಡಿಸುವ ಉಕ್ಕಿನ ಟೋಪಿ ಅದು, ವಾರದಿಂದ ಹುಡುಕುತ್ತಿದ್ದರಂತೆ. ಕಾರಿನ ಡಿಕ್ಕಿ ತೆಗೆದೆವು. ಹಾಸಿನ ಮಡಿಕೆಯಿಂದ ಜಾರಿ, ಸ್ಟೆಪ್ನಿಯ ಗುಳಿಯಲ್ಲಿ ಬಿದ್ದಿತ್ತು. ಮಾಮ ಅದನ್ನು ಅಂಗಿಗೆ ಒರೆಸಿ, ಹಲಗೆಯಲ್ಲಿ ಅದರ ಮನೆಗೆ ಸೇರಿಸಿದರು.

ದಾರಿಯುದ್ದಕ್ಕೂ ಕುಣಿದುಕೊಂಡು ಬಂದೆ. ತಪ್ಪು ನನ್ನದಲ್ಲ! ಅಮ್ಮನಿಗೆ ಹೇಳುವ ಅಗತ್ಯವೂ ಇಲ್ಲ. ಘನ ನ್ಯಾಯಾಲಯವು ಆರೋಪಿಯನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿದೆ. ಪ್ರಕರಣ ಮುಕ್ತಾಯ.

ಮಾರ್ಚ್ 23, ಭಾನುವಾರ

ಅಮ್ಮ ಇವತ್ತೂ ನಡೆದೇ ಹೋದಳು. ಹಿಂದಿನಿಂದ ನೋಡಿದೆ. ರಸ್ತೆ ದಾಟುವಾಗ ಎರಡು ಸಲ ನಿಂತಳು. ಯಾವ ಗಾಡಿಯೂ ಬರುತ್ತಿರಲಿಲ್ಲ.

ಮಾರ್ಚ್ 25, ಮಂಗಳವಾರ

ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಗಿರಾಕಿಗಳು ಬಟ್ಟೆ ಹಾಕಿ ನೋಡಲು ಒಂದು ಪರದೆ ಇದೆ. ನಾನು ಅದರ ಹಿಂದೆ ಅಂಗಡಿಯ ಗೊಂಬೆಗೆ ಅಪ್ಪನ ಕನ್ನಡಕ ಹಾಕುತ್ತಿದ್ದೆ. ಸುಮ್ಮನೆ, ಕೈ ಅಭ್ಯಾಸ ತಪ್ಪದಿರಲಿ ಅಂತ. ಅಮ್ಮ ಒಳಗೆ ಬಂದಳು. ಹೊಲಿಗೆ ಯಂತ್ರ ನಿಂತಿತು.

"ಕಾರು ಯಾಕೆ ಕೊಡ್ತೀಯ, ಹೇಳು" ಅಂದರು ಅಪ್ಪ. "ಬೇರೆಯವರಿಗೆ ಹೇಳೋ ಕಾರಣ ಬೇಡ."

ಅಮ್ಮ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಹೊರಗೆ ಬರಲೋ ಬೇಡವೋ ಎಂದು ನನಗೆ ತಿಳಿಯಲಿಲ್ಲ.

"ಹಿಂದೆ ಏನೋ ಬಿದ್ದ ಸದ್ದು ಕೇಳಿಸ್ತು ರೀ. ತಿರುವಲ್ಲಿ. ದಡಬಡ ಅಂತ. ಯಾವುದೋ ಮಗು ಸೀಟಿಂದ ಬಿತ್ತು ಅಂತ ಕಾಲು ತಾನಾಗೇ ಎದ್ದುಬಿಡ್ತು. 'ಬಿದ್ಯಾ ಪುಟ್ಟಾ' ಅಂತ ಕೂಗೂ ಬಿಟ್ಟೆ." ಅವಳ ದನಿ ಸಣ್ಣದಾಯಿತು. "ಆ ಕಾರಲ್ಲಿ ಹಿಂದೆ ಸೀಟೇ ಇಲ್ಲ."

"ಏನಾದ್ರೂ ಕಲ್ಲು ಹೊಡೆದಿರುತ್ತೆ."

"ಕಲ್ಲಿನ ಸದ್ದು ನನಗೆ ಗೊತ್ತಿಲ್ವಾ? ನಮ್ಮಮ್ಮನಿಗೆ ಹೇಗೆ ಶುರುವಾಯ್ತು ನೆನಪಿದ್ಯಾ? ಯಾರೋ ಬಾಗಿಲು ತಟ್ಟಿದ್ರು, ಯಾರೋ ಬಾಗಿಲು ತಟ್ಟಿದ್ರು ಅಂತ. ಆಗ ಅವಳಿಗೆ ಐವತ್ತೆಂಟು. ನನಗೀಗ ಐವತ್ತೆಂಟು." ಕತ್ತರಿಯನ್ನು ಎತ್ತಿ ಕೆಳಗಿಟ್ಟ ಸದ್ದು. "ಇಲ್ಲದ ಮಕ್ಕಳ ಸದ್ದು ಕೇಳಿಸೋ ಹೆಂಗಸು ಸ್ಟೇರಿಂಗ್ ಹಿಡೀಬಾರದು ರೀ. ಮಗಳಿಗೆ ಹೇಳ್ಬೇಡಿ. ಹೆದರ್ತಾಳೆ."

ಅಜ್ಜಿ ನನಗೆ ನೆನಪಿದ್ದಾಳೆ. ಕೊನೆಯಲ್ಲಿ ನನ್ನನ್ನು "ನೀನು ಯಾರ ಮನೆ ಮಗುವಮ್ಮಾ?" ಎಂದು ಕೇಳುತ್ತಿದ್ದಳು, ಬಹಳ ಪ್ರೀತಿಯಿಂದ.

ಗೊಂಬೆಯ ಪಕ್ಕ ನಾನೂ ಗೊಂಬೆಯಾಗಿ ನಿಂತಿದ್ದೆ. ಡಿಕ್ಕಿಯಲ್ಲಿ ಬಿದ್ದಿದ್ದ ಹದಿನಾಲ್ಕನೇ ನಂಬರ್ ಸಾಕೆಟ್.

ಮಾರ್ಚ್ 26, ಬುಧವಾರ

ಲ್ಯಾಬಿಗೆ ರಜೆ ಹಾಕಿ ಗ್ಯಾರೇಜಿಗೆ ಹೋದೆ. ಯಾಕೆಂದು ಹೇಳಿದೆ. ಮಾಮ ನಗಲಿಲ್ಲ. ಹಲಗೆಯಿಂದ ಸಾಕೆಟ್ ತೆಗೆದು ನನ್ನ ಅಂಗೈಯಲ್ಲಿಟ್ಟು, ಕಾರನ್ನೂ ತಾವೇ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, ನಡೆದು ಹೋದರು.

ಅಮ್ಮ ಬಟಾಣಿ ಬಿಡಿಸುತ್ತಿದ್ದಳು.

"ಅಮ್ಮಾ, ಬಂದು ಕಾರಲ್ಲಿ ಕೂತ್ಕೋ."

"ಆಗಲ್ಲ."

"ಓಡಿಸೋದು ಬೇಡ. ಕೂತ್ಕೋ, ಅಷ್ಟೇ."

"ಏನು ಕೋತಿಯಾಟ ಇದು?"

"ಆಟ ಅಲ್ಲಮ್ಮ."

ನನ್ನ ಮುಖ ನೋಡಿದಳು. ಬಟ್ಟಲು ಹಿಡಿದುಕೊಂಡೇ ಬಂದು ಸ್ಟೇರಿಂಗಿನ ಮುಂದೆ ಕೂತಳು, ಒಂದು ಕಾಲು ಹೊರಗೆ. ನಾನು ಹಿಂದೆ ಹೋಗಿ, ಡಿಕ್ಕಿಯ ಹಾಸು ಮಡಚಿ, ಸಾಕೆಟನ್ನು ತಗಡಿನ ಮೇಲೆ ಉರುಳಿಸಿದೆ. ದಡ, ಬಡ, ದಡಬಡ. ಗುಳಿಯಲ್ಲಿ ಬಿತ್ತು. ಧಡ್.

ಹೊರಗಿದ್ದ ಕಾಲು ಒಳಗೆ ಹೋಯಿತು.

"ಇನ್ನೊಂದ್ಸಲ" ಅಂದಳು.

ಉರುಳಿಸಿದೆ.

"ಜೋರಾಗಿ."

ನಾಲ್ಕನೆಯ ಸಲಕ್ಕೆ ಬಟಾಣಿ ಬೀದಿಯ ತುಂಬ ಚೆಲ್ಲಿತ್ತು. ನಾನು ಬಂದು ಅವಳ ಮುಂದೆ ನಿಂತು, ಹದಿನೈದರ ಶನಿವಾರದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಾಮನ ಊಟದ ಹೊತ್ತು, ಗುಂಡಿ, ಬಲತುದಿ, ಡಿಕ್ಕಿಯಲ್ಲಿ ಬಚ್ಚಿಟ್ಟದ್ದು, ಒಂದನ್ನು ಮರೆತದ್ದು. ಮಾಮನಿಗೆ ಹೇಳಿದ ಮೇಲೂ ಅವಳಿಗೆ ನಾಲ್ಕು ದಿನ ಹೇಳದೆ ಇದ್ದದ್ದು. ಪರದೆಯ ಹಿಂದೆ ನಿಂತಿದ್ದದ್ದು.

"ಅಂದ್ರೆ ಸದ್ದು ಆಗಿತ್ತು."

"ಆಗಿತ್ತಮ್ಮ."

"ನಿಜವಾಗ್ಲೂ ಏನೋ ಬಿದ್ದಿತ್ತು."

"ಬಿದ್ದಿತ್ತು."

"ನನ್ನ ತಲೆಯೊಳಗಲ್ಲ."

"ಡಿಕ್ಕಿಯೊಳಗಮ್ಮ."

ಅವಳು ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಹಾರನ್ ಕೂಗಿತು. ಅದು ಕೂಗುತ್ತಲೇ ಇತ್ತು, ಅವಳ ಭುಜ ಕುಲುಕುತ್ತಿತ್ತು, ನಗುವೋ ಅಳುವೋ ಎಂದು ಹಾರನ್ನಿನಿಂದಾಗಿ ತಿಳಿಯಲಿಲ್ಲ. ಅಪ್ಪ ಕತ್ತಿಗೆ ಟೇಪು ಹಾಕಿಕೊಂಡೇ ಓಡಿ ಬಂದರು.

"ರೀ, ಕೇಳಿದ್ರಾ!" ಎಂದು ಅಮ್ಮ ತಲೆಯೆತ್ತಿ ಬೀದಿಗೆಲ್ಲಾ ಕೇಳುವಂತೆ ಕೂಗಿದಳು. "ನಿಮ್ಮ ಮಗಳು ನನ್ನ ಹುಚ್ಚಿ ಮಾಡಿಟ್ಟಿದ್ಳು ರೀ! ನನಗೇನೂ ಆಗಿಲ್ಲ! ಇವಳಿಗೇ ಆಗಿರೋದು!"

ಆಮೇಲೆ ಬೈಗುಳ ಶುರುವಾಯಿತು. ಇಪ್ಪತ್ತು ನಿಮಿಷ, ಒಂದನ್ನೂ ಎರಡು ಸಲ ಹೇಳಲಿಲ್ಲ. ನಾನು ಬಗ್ಗಿ ಬಟಾಣಿ ಆರಿಸುತ್ತಾ ಕೇಳಿದೆ. ಅಪ್ಪ ಹೊಸ್ತಿಲ ಮೇಲೆ ಕೂತು, ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಚುಚ್ಚಿಕೊಂಡರು.

"ಶಿಕ್ಷೆ ಏನಮ್ಮ?" ಎಂದು ಕೊನೆಗೆ ಕೇಳಿದೆ.

"ಯೋಚಿಸ್ತೀನಿ" ಅಂದಳು. ಇನ್ನೂ ಹೇಳಿಲ್ಲ.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಓಡುದಾರಿಯಲ್ಲಿ ಮಾಮ ಕಾರಿನ ಕೆಳಗಿನಿಂದ ಕೇಳಿದರು: "ಹಿಂದೆ ಯಾವ ತೂತು ಅಕ್ಕಾ?"

"ನಡೂದು. ಎರಡೂ ಕಡೆ." ಎರಡೂ ಕಡೆ ಅನ್ನುವಾಗ ನನ್ನ ಕಡೆ ನೋಡಿದಳು.

"ನಾನು ಮೊದಲ್ನೇ ದಿನಾನೇ ಹೇಳಿದ್ದೆ."

"ಹೇಳಿದ್ದೆ ಕಣಯ್ಯಾ. ಗಟ್ಟಿಯಾಗಿ ಹೇಳ್ಬೇಕಿತ್ತು."

ನಾಲ್ಕು ದಿನದಿಂದ ಅವಳು ತಿರುವಿನಲ್ಲಿ ಕಾಲು ಎತ್ತದಿರುವುದನ್ನು ಅಭ್ಯಾಸ ಮಾಡಿದ್ದಾಳೆ. ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು, ಬಲಗಾಲಿನ ಕೆಳಗೆ ಅಪ್ಪನ ಗುಂಡುಸೂಜಿ ದಿಂಬು ಇಟ್ಟುಕೊಂಡು (ಸೂಜಿ ತೆಗೆದು) ಒತ್ತಿರುತ್ತಾಳೆ; ನಾನು ಹಿಂದಿನಿಂದ ಪಾತ್ರೆ ಬೀಳಿಸಬೇಕು. ಬೀಳಿಸಿದಾಗಲೂ ದಿಂಬು ಒತ್ತಿಯೇ ಇರಬೇಕು. ಮೊದಲ ದಿನ ಮೂವತ್ತು ಸಲ ಕಾಲೆತ್ತಿದಳು. ನಿನ್ನೆ ಎರಡೇ ಸಲ. ಪಾತ್ರೆ ಬೀಳಿಸುವ ಕೆಲಸದಲ್ಲಿ ನನಗೆ ಇಷ್ಟು ಬೇಗ ಬೇಸರ ಬರುತ್ತದೆಂದು ಗೊತ್ತಿರಲಿಲ್ಲ.

ಓಟಕ್ಕೆ ಮುಂಚೆ ಡಿಕ್ಕಿ ನೋಡಿದೆ. ಸೀಟಿನ ಕೆಳಗೆ ಕೈಯಾಡಿಸಿದೆ. ಮತ್ತೆ ಡಿಕ್ಕಿ ನೋಡಿದೆ.

ನಾಲ್ಕನೇ ತಿರುವಿನ ಪಕ್ಕ ನಿಂತೆ. ಕಾರು ಬಂತು. ನನ್ನ ಕಣ್ಣು ಮುಚ್ಚಿಕೊಂಡಿತು, ಕಿವಿ ಮಾತ್ರ ತೆರೆದಿತ್ತು. ಸದ್ದು ಏರಿತು, ತುಂಬಿತು, ಹಾಗೇ ಒಂದೇ ಸಮನೆ ದಾಟಿ ಹೋಯಿತು. ಕಣ್ಣು ತೆರೆದಾಗ ಕಾರು ಐದನೆಯದರಲ್ಲಿತ್ತು, ವಾಲದೆ, ಅಪ್ಪ ಸೀಮೆಸುಣ್ಣದಲ್ಲಿ ಅಂಗಿ ತೋಳಿನ ಬಾಗು ಎಳೆಯುವ ಹಾಗೆ.

ಹನ್ನೊಂದು ಜನರಲ್ಲಿ ಒಂಬತ್ತನೆಯ ಸ್ಥಾನ.

ಇಳಿದವಳು ನನ್ನನ್ನು ಕರೆದು ಮೆಲ್ಲಗೆ ಹೇಳಿದಳು: "ನಾಲ್ಕನೇ ತಿರುವಲ್ಲಿ ಯಾರೋ 'ಅಮ್ಮಾ' ಅಂತ ಕೂಗಿದ ಹಾಗಾಯ್ತು."

ನಾನು ಡಿಕ್ಕಿಯ ಕಡೆ ತಿರುಗಿದೆ. ಆಮೇಲೆ ನೆನಪಾಯಿತು. "ನಾನೇ ಕಣಮ್ಮ ಕೂಗಿದ್ದು."

"ಗೊತ್ತು. ಕತ್ತು ಹಿಚುಕಿದ ಕೋಳಿ ಹಾಗಿತ್ತು." ಹೆಲ್ಮೆಟ್ಟನ್ನು ನನ್ನ ತಲೆಗೆ ಕುಕ್ಕಿ ನಡೆದಳು.

ಏಪ್ರಿಲ್ 2, ಬುಧವಾರ

ನಿನ್ನೆ ಏಪ್ರಿಲ್ ಒಂದಾಗಿತ್ತಂತೆ. ಲ್ಯಾಬಿನವರು ಇಡೀ ದಿನ ನನ್ನಿಂದ ದೂರ ದೂರ ಓಡಾಡುತ್ತಿದ್ದರು, ಯಾಕೆಂದು ಇವತ್ತು ತಿಳಿಯಿತು.

ಸಂಜೆ ಅಪ್ಪ ಚಹಾಕ್ಕೆ ನೀರಿಟ್ಟರು. ಹಾಲು ಮುಗಿದಿತ್ತು. "ತಂದುಬಿಡ್ತೀನಿ" ಎಂದು ಅಮ್ಮ ಕೀಲಿ ಎತ್ತಿಕೊಂಡಳು. ಹಾಲಿನ ಅಂಗಡಿ ಇದೇ ಬೀದಿಯಲ್ಲಿದೆ, ನಡೆದರೆ ನೂರೈವತ್ತು ಹೆಜ್ಜೆ. ನಾವಿಬ್ಬರೂ ಕಿಟಕಿಯಲ್ಲಿ ನಿಂತು ನೋಡಿದೆವು.

"ಅಂಗಡಿ ದಾಟಿದ್ಳು" ಅಂದರು ಅಪ್ಪ.

"ತಿರುವೂ ದಾಟಿದ್ಳು" ಅಂದೆ.

ಐವತ್ತು ನಿಮಿಷವಾಯಿತು. ನೀರು ಕುದಿದು, ಚಹಾಪುಡಿ ಹಾಕಿ, ಅದು ಕಪ್ಪಾಗಿ, ಅಪ್ಪ ಒಲೆ ಆರಿಸಿದರು. ಕಾರು ಬಂದು ನಿಂತಾಗ ಅಮ್ಮನ ಕೂದಲು ಗಾಳಿಗೆ ನಿಂತುಬಿಟ್ಟಿತ್ತು.

"ಕೆರೆ ಆಚೆ ಒಂದು ರಸ್ತೆ ಇದೆ ರೀ. ಏಳು ತಿರುವು! ಒಂದಾದ ಮೇಲೆ ಒಂದು, ಏಳು! ಇಷ್ಟು ವರ್ಷ ಇದೇ ಊರಲ್ಲಿದ್ದು ನಾನು ಅದನ್ನ ನೋಡೇ ಇಲ್ಲ!"

"ಹಾಲು?" ಅಂದರು ಅಪ್ಪ.

ಅಮ್ಮ ತನ್ನ ಕೈ ನೋಡಿಕೊಂಡಳು. ಕೀಲಿ ಮಾತ್ರ ಇತ್ತು. ನಾನು ಅಪ್ಪನನ್ನು ನೋಡಿದೆ, ಅಪ್ಪ ನನ್ನನ್ನು.

"ಅಯ್ಯೋ, ಮರೆತೇಹೋಯ್ತು ರೀ!" ಎಂದು ಅಮ್ಮ ಕುರ್ಚಿ ಎಳೆದುಕೊಂಡು ಕೂತು ಜೋರಾಗಿ ನಕ್ಕಳು.

ಅಪ್ಪ ಹಾಗೇ ಬಗ್ಗಿಸಿ ಕೊಟ್ಟರು. ಮೂವರೂ ಹಾಲಿಲ್ಲದ ಚಹಾ ಕುಡಿದೆವು. ವಿಪರೀತ ಕಹಿ. ನಾನು ಇನ್ನೊಂದು ಲೋಟ ಕೇಳಿದೆ.